ಗಣಕಯಂತ್ರದಲ್ಲಿ ನಾಮನಿರ್ಣಯ: ದೋಷಗಳು ಮತ್ತು ಶೋಧನಕ್ರಮ

1. ಪೀಠಿಕೆ

ಹೆಸರಿಗೂ ಹೆಸರುಳ್ಳ ವಸ್ತುವಿಗೂ ಇರುವ ಸಂಬಂಧವನ್ನು ಕುರಿತು ಭಾರತೀಯ ಶಾಸ್ತ್ರಕಾರರು ಬಹುಕಾಲದಿಂದ ವಿಚಾರ ಮಾಡಿದ್ದಾರೆ. ಶಬ್ದಾರ್ಥಗಳ ಸಂಬಂಧ ನಿತ್ಯವಾದುದೆಂದು ಮೀಮಾಂಸಕರು ವಾದಿಸಿದರೆ, ಅದು ಸಂಕೇತದಿಂದ ಉಂಟಾದುದು, ಎಂದರೆ ಇಂಥ ಹೆಸರಿನಿಂದ ಇಂಥ ವಸ್ತುವನ್ನು ತಿಳಿಯತಕ್ಕದ್ದೆಂಬ ಏರ್ಪಾಡಿನಿಂದ ಬಂದುದು ಎಂಬುದು ನೈಯಾಯಿಕರ ಮತ. ಈ ವಾದದಲ್ಲಿ ಯಾರ ಪಕ್ಷ ಪ್ರಬಲವೆಂಬ ಮಾತು ಹಾಗಿರಲಿ. ಗಣಕಯಂತ್ರಗಳ ಲೋಕದಲ್ಲಿ ಮಾತ್ರ ನೈಯಾಯಿಕರ ಪಕ್ಷವೇ ಪೂರ್ಣವಾಗಿ ಸಲ್ಲುತ್ತದೆ. ಅಲ್ಲಿ ಹೆಸರಿಗೂ ವಸ್ತುವಿಗೂ ಸಹಜವಾದ ಬಂಧವೇನೂ ಇಲ್ಲ. ಎಲ್ಲವೂ ಯಾರೋ ಬರೆದಿಟ್ಟ ಏರ್ಪಾಡು. ಬರೆದಿಟ್ಟುದು ತಪ್ಪಿದರೆ, ಅಥವಾ ಅದನ್ನು ಓದಿ ಹೇಳತಕ್ಕವನು ಮೌನ ತಾಳಿದರೆ, ವಸ್ತುವು ಇದ್ದೂ ಇಲ್ಲದಂತಾಗುತ್ತದೆ.

ಒಂದು ಮನೆಯನ್ನು ಊಹಿಸಬಹುದು. ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಹತ್ತು ವರ್ಷಗಳಿಂದ ಸಂಗ್ರಹಿಸಿ, ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯುಳ್ಳ ಹಳೆಯ ಗಣಕಯಂತ್ರವೊಂದರಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದಾರೆ. ಬೇರೆ ಪ್ರತಿ ಇಲ್ಲ. ಮನೆಗೆ ಅಂತರಜಾಲ ಒದಗಿಸುವ ಸಂಸ್ಥೆಯನ್ನು ಬದಲಾಯಿಸಿದ ಮಾರನೆಯ ದಿನ ಆ ಯಂತ್ರದಲ್ಲಿ ಒಂದು ತಾಣವೂ ತೆರೆಯದು. ಮನೆಯವರ ಮೊಬೈಲುಗಳಲ್ಲಿ ಎಲ್ಲವೂ ಸರಿಯಾಗಿದೆ. ಆದಕಾರಣ ಯಂತ್ರವೇ ಕೆಟ್ಟಿತೆಂದು ಮನೆಯ ತೀರ್ಮಾನ. ರಜೆಗೆ ಬಂದ ಮೊಮ್ಮಗ, "ಅಜ್ಜಾ, ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡ್ತೀನಿ, ಒಂದು ತಾಸಿನ ಕೆಲಸ" ಎನ್ನುತ್ತಾನೆ. ಆ ಒಂದು ತಾಸಿನಲ್ಲಿ ಹತ್ತು ವರ್ಷದ ಮಾತುಗಳು ಹೋಗುವುವೆಂಬುದು ಅವನಿಗೆ ಹೊಳೆದಿಲ್ಲ. ದೋಷವಾದರೋ ಒಂದೇ ಒಂದು ಸಾಲಿನಲ್ಲಿದೆ. ಆ ಸಾಲನ್ನು ಕ್ರಮವಾಗಿ ಹುಡುಕುವುದು ಹೇಗೆಂಬುದೇ ಈ ಲೇಖನದ ವಿಷಯ.

2. ನಾಮಕೋಶದ ಪೂರ್ವಕಥೆ

ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಅಂಕವಿಳಾಸವುಂಟು. ಬಹುಕಾಲದಿಂದ ಬಳಕೆಯಲ್ಲಿರುವ ಪದ್ಧತಿಯಲ್ಲಿ ಅದು ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಸಮುದಾಯ. ಒಂದೊಂದು ಸಂಖ್ಯೆಯೂ 0ಯಿಂದ 255ರವರೆಗಿನದು. ಯಂತ್ರಕ್ಕೆ ಅಂಕ ಸಾಕು. ಮನುಷ್ಯನಿಗೆ ಹೆಸರು ಬೇಕು. ಹೆಸರನ್ನು ಕೊಟ್ಟು ಅಂಕವಿಳಾಸವನ್ನು ಪಡೆಯುವ ಕ್ರಿಯೆಯನ್ನು ತಂತ್ರಜ್ಞರು ನೇಮ್ ರೆಸಲ್ಯೂಷನ್ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ನಾಮನಿರ್ಣಯವೆನ್ನಬಹುದು.

ಅಂತರಜಾಲದ ಪೂರ್ವರೂಪವಾದ ಆರ್ಪಾನೆಟ್ಟಿನ ಕಾಲದಲ್ಲಿ ಎಲ್ಲ ಹೆಸರುಗಳಿಗೂ ಒಂದೇ ಪಟ್ಟಿಯಿದ್ದಿತು. ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಮಾಹಿತಿ ಕೇಂದ್ರವು ಎಲಿಜಬೆತ್ ಫೈನ್ಲರ್ ಅವರ ಮೇಲ್ವಿಚಾರಣೆಯಲ್ಲಿ ಅದನ್ನು ರಕ್ಷಿಸಿ, ತಿದ್ದಿ, ಹಂಚುತ್ತಿತ್ತು. ಹೊಸ ಯಂತ್ರ ಸೇರಿದಾಗಲೆಲ್ಲ ಆ ಕೇಂದ್ರಕ್ಕೆ ತಿಳಿಸಬೇಕು. ಉಳಿದವರು ಹೊಸ ಪಟ್ಟಿಯನ್ನು ತರಿಸಿಕೊಳ್ಳಬೇಕು. ಯಂತ್ರಗಳು ಬೆಳೆದಂತೆ ಈ ಏಕಕೋಶ ಪದ್ಧತಿ ಕುಸಿಯತೊಡಗಿತು. 1983ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಪಾಲ್ ಮೊಕಾಪೆಟ್ರಿಸ್ ಅವರು ಇದಕ್ಕೆ ಪರ್ಯಾಯವಾಗಿ ಡೊಮೈನ್ ನೇಮ್ ಸಿಸ್ಟಮ್, ಸಂಕ್ಷೇಪವಾಗಿ ಡಿ.ಎನ್.ಎಸ್. ಎಂಬ ವ್ಯವಸ್ಥೆಯನ್ನು ರೂಪಿಸಿದರು. 1987ರಲ್ಲಿ ಪರಿಷ್ಕೃತವಾಗಿ ಪ್ರಕಟವಾದ ಅದರ ನಿಯಮಗಳೇ ಇಂದಿಗೂ ಅಡಿಪಾಯವಾಗಿವೆ.

ಈ ವ್ಯವಸ್ಥೆಯ ಮರ್ಮವೇನೆಂದರೆ, ಎಲ್ಲವನ್ನೂ ಬಲ್ಲವನು ಯಾರೂ ಇಲ್ಲ. ಯಾರನ್ನು ಕೇಳಬೇಕೆಂಬುದನ್ನು ಮಾತ್ರ ಪ್ರತಿಯೊಬ್ಬನೂ ಬಲ್ಲನು. ಕನ್ನಡ ವಿಕಿಪೀಡಿಯದ ಹೆಸರಾದ 'ಕೆಎನ್.ವಿಕಿಪೀಡಿಯ.ಆರ್ಗ್' ಎಂಬುದನ್ನು ನೋಡಬಹುದು. ತತ್ಪುರುಷ ಸಮಾಸದಲ್ಲಿ ಉತ್ತರಪದವು ಪ್ರಧಾನವಾಗಿರುವಂತೆ ಇಲ್ಲಿಯೂ ಕೊನೆಯ ಪದವೇ ಪ್ರಧಾನ. ಮೂಲಸರ್ವರುಗಳು 'ಆರ್ಗ್' ಎಂಬುದರ ಅಧಿಕಾರಿ ಯಾರೆಂದು ತೋರಿಸುತ್ತವೆ. ಆತನು 'ವಿಕಿಪೀಡಿಯ' ಎಂಬುದರ ಅಧಿಕಾರಿಯನ್ನು ತೋರಿಸುತ್ತಾನೆ. ಆ ಅಧಿಕಾರಿಯು 'ಕೆಎನ್' ಎಂಬುದರ ಅಂಕವಿಳಾಸವನ್ನು ಕೊಡುತ್ತಾನೆ. ಮೂಲಸರ್ವರುಗಳಿಗೆ ಆಂಗ್ಲ ವರ್ಣಮಾಲೆಯ 'ಎ'ಯಿಂದ 'ಎಂ'ವರೆಗೆ 13 ಹೆಸರುಗಳಿವೆ. ಒಂದೊಂದು ಹೆಸರಿನಲ್ಲಿಯೂ ಜಗತ್ತಿನ ನಾನಾ ಕಡೆಗಳಲ್ಲಿ ಅನೇಕ ಯಂತ್ರಗಳು ದುಡಿಯುತ್ತವೆ. ದೊರೆತ ಉತ್ತರವನ್ನು ನಡುವಿನವರು ನಿಯತವಾದ ಅವಧಿಯವರೆಗೆ ನೆನಪಿನಲ್ಲಿ ಇರಿಸಿಕೊಳ್ಳುತ್ತಾರೆ. ಆದಕಾರಣ ಪ್ರತಿಯೊಂದು ಪ್ರಶ್ನೆಯೂ ಮೂಲದವರೆಗೆ ಹೋಗಬೇಕಾಗಿಲ್ಲ.

ಹಳೆಯ ಪಟ್ಟಿಯೂ ಪೂರ್ತಿಯಾಗಿ ಮರೆಯಾಗಲಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನಲ್ಲಿ ಇಂದಿಗೂ '/ಇಟಿಸಿ/ಹೋಸ್ಟ್ಸ್' ಎಂಬ ಪುಟ್ಟ ಕಡತವಿದೆ. ಅದು ಆ ಏಕಕೋಶದ ವಂಶಜ.

3. ಪ್ರಶ್ನೆಯು ಸಾಗುವ ಹಾದಿ

ಮನೆಯ ಗಣಕದಲ್ಲಿ ಒಂದು ಹೆಸರನ್ನು ಬರೆದೊಡನೆ ಏನು ನಡೆಯುತ್ತದೆಂಬುದನ್ನು ಅರಿಯದೆ ದೋಷವನ್ನು ಹುಡುಕಲಾಗದು. ಹಾದಿಯಲ್ಲಿ ಐದು ಮೆಟ್ಟಿಲುಗಳಿವೆ.

ಮೊದಲನೆಯದು '/ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್' ಎಂಬ ಕಡತ. ಇದರಲ್ಲಿ 'ಹೋಸ್ಟ್ಸ್' ಎಂದು ಆರಂಭವಾಗುವ ಸಾಲು, ಯಾರನ್ನು ಮೊದಲು ಕೇಳಬೇಕು, ಯಾರನ್ನು ಅನಂತರ ಕೇಳಬೇಕೆಂಬ ಕ್ರಮವನ್ನು ವಿಧಿಸುತ್ತದೆ. ಸಾಮಾನ್ಯವಾಗಿ ಅಲ್ಲಿ 'ಫೈಲ್ಸ್' ಮೊದಲು, 'ಡಿಎನ್‌ಎಸ್' ಅನಂತರ ಇರುತ್ತದೆ.

ಎರಡನೆಯದು ಮೇಲೆ ಹೇಳಿದ 'ಹೋಸ್ಟ್ಸ್' ಕಡತ. ಇದರಲ್ಲಿ ಹೆಸರು ಸಿಕ್ಕಿತೆಂದರೆ ಯಂತ್ರವು ಹೊರಗೆ ಯಾರನ್ನೂ ಕೇಳುವುದಿಲ್ಲ. ವ್ಯಾಕರಣದಲ್ಲಿ ಉತ್ಸರ್ಗವಿಧಿಯನ್ನು ಅಪವಾದವಿಧಿಯು ಬಾಧಿಸುವಂತೆ, ಜಗತ್ತಿನ ಸಾಮಾನ್ಯ ನಿಯಮವನ್ನು ಈ ಕಡತದ ಒಂದು ಸಾಲು ಬಾಧಿಸುತ್ತದೆ.

ಮೂರನೆಯದು '/ಇಟಿಸಿ/ರಿಸಾಲ್ವ್.ಕಾನ್ಫ್' ಎಂಬ ಕಡತ. ಹೊರಗೆ ಯಾರನ್ನು ಕೇಳಬೇಕೋ ಅವರ ಅಂಕವಿಳಾಸ ಇಲ್ಲಿ 'ನೇಮ್‌ಸರ್ವರ್' ಎಂಬ ಸಾಲಿನಲ್ಲಿರುತ್ತದೆ. ಉಬುಂಟು ಮೊದಲಾದ ಪ್ರಭೇದಗಳಲ್ಲಿ ಇಲ್ಲಿ 127.0.0.53 ಎಂದಿರುವುದುಂಟು. ಅದು ಹೊರಗಿನ ವಿಳಾಸವಲ್ಲ. 'ಸಿಸ್ಟಮ್‌ಡಿ-ರಿಸಾಲ್ವ್‌ಡಿ' ಎಂಬ ಒಳಗಿನ ಸೇವಕನ ವಿಳಾಸ. ಆ ಸೇವಕನು ನಿಜವಾಗಿ ಹೊರಗೆ ಯಾರನ್ನು ಕೇಳುತ್ತಾನೆಂಬುದು 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಎಂಬ ಆಜ್ಞೆಯಿಂದ ತಿಳಿಯುತ್ತದೆ.

ನಾಲ್ಕನೆಯದು ಮನೆಯ ರೌಟರ್. ಯಂತ್ರವು ಜಾಲಕ್ಕೆ ಸೇರಿದೊಡನೆ ಡಿ.ಎಚ್.ಸಿ.ಪಿ. ಎಂಬ ವಿಧಾನದಿಂದ ಅದಕ್ಕೊಂದು ಅಂಕವಿಳಾಸವನ್ನೂ, ಹೆಸರು ಕೇಳಬೇಕಾದವರ ವಿಳಾಸವನ್ನೂ ರೌಟರೇ ಕೊಡುತ್ತದೆ. ಬಹುಪಾಲು ಮನೆಗಳಲ್ಲಿ ಅದು ತನ್ನನ್ನೇ ತೋರಿಸಿಕೊಂಡು, ಬಂದ ಪ್ರಶ್ನೆಯನ್ನು ಮುಂದಕ್ಕೆ ದಾಟಿಸುತ್ತದೆ. ಐದನೆಯ ಮೆಟ್ಟಿಲು ಅಂತರಜಾಲ ಒದಗಿಸುವ ಸಂಸ್ಥೆಯ ಸರ್ವರು. ಅಲ್ಲಿಂದ ಮುಂದೆ ಮೂಲಸರ್ವರುಗಳ ಪರಂಪರೆ.

ಇಲ್ಲಿ ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಯಂತ್ರದಲ್ಲಿ ಅವುಗಳನ್ನು ಆಂಗ್ಲ ಭಾಷೆಯ ಚಿಕ್ಕ ಅಕ್ಷರಗಳಲ್ಲಿ ಬರೆಯತಕ್ಕದ್ದು.

4. ಶೋಧನೆಯ ಕ್ರಮ

ಕಾರಣವನ್ನು ನಿರ್ಣಯಿಸಲು ತಾರ್ಕಿಕರು ಅನ್ವಯ ವ್ಯತಿರೇಕಗಳನ್ನು ಆಶ್ರಯಿಸುತ್ತಾರೆ. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಒಂದು ಇಲ್ಲದಿದ್ದಾಗ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಗಣಕದ ದೋಷಶೋಧನೆಯಲ್ಲಿ ಇದಕ್ಕಿಂತ ಬಲವಾದ ಸಾಧನವಿಲ್ಲ. ಆದರೆ ಒಂದು ನಿಯಮವನ್ನು ಪಾಲಿಸಬೇಕು: ಒಂದು ಸಲಕ್ಕೆ ಒಂದೇ ವಿಷಯವನ್ನು ಬದಲಾಯಿಸಬೇಕು. ಮೂರು ಕಡತಗಳನ್ನು ಒಟ್ಟಿಗೆ ತಿದ್ದಿದವನಿಗೆ ಯಂತ್ರ ಸರಿಹೋದರೂ ಕಾರಣ ತಿಳಿಯದು. ಸರಿಹೋಗದಿದ್ದರೆ ಮೊದಲಿದ್ದ ಒಂದು ದೋಷದ ಜೊತೆಗೆ ಮತ್ತೆರಡು ಸೇರಿರುತ್ತವೆ. ತಿದ್ದುವ ಮೊದಲು ಕಡತದ ಪ್ರತಿಯೊಂದನ್ನು ಮಾಡಿಟ್ಟು, ಮಾಡಿದುದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ಲೇಸು. ಎಲ್ಲಕ್ಕಿಂತ ಮೊದಲು, ಯಂತ್ರದಲ್ಲಿರುವ ಸ್ವಂತ ಬರಹಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳತಕ್ಕದ್ದು.

ಮೊದಲನೆಯ ಪ್ರಶ್ನೆ: ದೋಷವು ಒಂದೇ ಯಂತ್ರದ್ದೋ, ಇಡೀ ಮನೆಯದೋ? ಅದೇ ವೈಫೈಗೆ ಸೇರಿದ ಮೊಬೈಲಿನಲ್ಲಿ ತಾಣಗಳು ತೆರೆದರೆ ರೌಟರೂ ಅದರಾಚೆಯ ಹಾದಿಯೂ ಬಹುಮಟ್ಟಿಗೆ ನಿರ್ದೋಷ. ಪರೀಕ್ಷಿಸುವಾಗ ಮೊಬೈಲಿನ ಡೇಟಾವನ್ನು ಆರಿಸಿರಬೇಕು. ಇಲ್ಲವಾದರೆ ವೈಫೈ ಸತ್ತಿದ್ದರೂ ಮೊಬೈಲು ತನ್ನ ಬೇರೆ ಹಾದಿಯಿಂದ ತಾಣವನ್ನು ತೆರೆದು ತೋರಿಸುತ್ತದೆ. ಅದರಿಂದ ಹುಟ್ಟುವ ಅನುಮಾನ ಹೇತ್ವಾಭಾಸವಾಗುತ್ತದೆ.

ಎರಡನೆಯ ಪ್ರಶ್ನೆ: ಕೆಟ್ಟಿರುವುದು ಹೆಸರೋ, ದಾರಿಯೋ? 'ಐಪಿ ಅಡ್ರ್' ಎಂಬ ಆಜ್ಞೆಯು ಯಂತ್ರಕ್ಕೆ ಅಂಕವಿಳಾಸ ದೊರೆತಿದೆಯೇ ಎಂಬುದನ್ನು ಹೇಳುತ್ತದೆ. ಅದು 169.254 ಎಂದು ಆರಂಭವಾಗಿದ್ದರೆ ರೌಟರಿನಿಂದ ವಿಳಾಸ ಬಂದಿಲ್ಲವೆಂದು ತಿಳಿಯಬೇಕು. ಆಗ ನಾಮನಿರ್ಣಯದ ಗೊಡವೆ ಬೇಡ, ತಂತಿಯನ್ನೋ ವೈಫೈಯನ್ನೋ ನೋಡಿದರೆ ಸಾಕು. 'ಐಪಿ ರೌಟ್' ಎಂಬುದು ರೌಟರಿನ ವಿಳಾಸವನ್ನು ತೋರಿಸುತ್ತದೆ. ಅನೇಕ ಮನೆಗಳಲ್ಲಿ ಅದು 192.168.1.1. 'ಪಿಂಗ್' ಎಂಬ ಆಜ್ಞೆಯಿಂದ ಆ ವಿಳಾಸವನ್ನು ಕೂಗಬೇಕು. ಓಗೊಟ್ಟರೆ, ಗೂಗಲ್ ಸಂಸ್ಥೆಯ 8.8.8.8 ಅಥವಾ ಕ್ಲೌಡ್‌ಫ್ಲೇರ್ ಸಂಸ್ಥೆಯ 1.1.1.1 ಎಂಬ ಸಾರ್ವಜನಿಕ ಸರ್ವರನ್ನು ಕೂಗಬೇಕು. ಅಂಕದಿಂದ ಕೂಗಿದಾಗ ಓಗೊಟ್ಟು, ಹೆಸರಿನಿಂದ ಕೂಗಿದಾಗ ಓಗೊಡದಿದ್ದರೆ ದಾರಿ ಸರಿಯಾಗಿದೆ, ಹೆಸರು ಕೆಟ್ಟಿದೆ. ಇಷ್ಟು ನಿಶ್ಚಯವಾದರೆ ಅರ್ಧ ಕೆಲಸ ಮುಗಿದಂತೆ. ಆದರೆ ಪಿಂಗಿಗೆ ಉತ್ತರ ಕೊಡಬಾರದೆಂಬ ಕಟ್ಟಳೆ ಕೆಲವು ಜಾಲಗಳಲ್ಲಿ ಇರುವುದರಿಂದ, ಅದರ ಮೌನವೊಂದನ್ನೇ ನಂಬಿ ದಾರಿ ಮುಚ್ಚಿದೆಯೆಂದು ಹೇಳಲಾಗದು.

ಮೂರನೆಯ ಪ್ರಶ್ನೆ: ದೋಷ ಯಂತ್ರದ ಒಳಗಿನದೋ, ಹೊರಗಿನದೋ? ಇದಕ್ಕೆ ಎರಡು ಆಜ್ಞೆಗಳನ್ನು ಹೋಲಿಸಬೇಕು. 'ಗೆಟ್‌ಎಂಟ್ ಹೋಸ್ಟ್ಸ್' ಎಂಬುದು ಮೇಲೆ ಹೇಳಿದ ಮೆಟ್ಟಿಲುಗಳನ್ನೆಲ್ಲ ಕ್ರಮವಾಗಿ ಹತ್ತುತ್ತದೆ. 'ಡಿಗ್' ಎಂಬುದು ಮೊದಲೆರಡು ಮೆಟ್ಟಿಲುಗಳನ್ನು ಬಿಟ್ಟು ನೇರವಾಗಿ ಸರ್ವರನ್ನೇ ಕೇಳುತ್ತದೆ. ಡಿಗ್ ಸರಿಯಾದ ಉತ್ತರ ತಂದು ಗೆಟ್‌ಎಂಟ್ ತರದಿದ್ದರೆ, ಅಥವಾ ಎರಡೂ ಬೇರೆ ಬೇರೆ ವಿಳಾಸ ಕೊಟ್ಟರೆ, ಮೊದಲೆರಡು ಮೆಟ್ಟಿಲುಗಳನ್ನು ನೋಡಬೇಕು. ಎರಡೂ ಸೋತರೆ ಡಿಗ್ಗಿಗೆ '@8.8.8.8' ಎಂಬುದನ್ನು ಸೇರಿಸಿ ಬೇರೊಬ್ಬ ಸರ್ವರನ್ನು ಕೇಳಬೇಕು. ಅಲ್ಲಿ ಉತ್ತರ ಬಂದರೆ, ಯಂತ್ರವು ವಾಡಿಕೆಯಾಗಿ ಯಾರನ್ನು ಕೇಳುತ್ತಿದೆಯೋ ಅವರಲ್ಲಿಯೇ ದೋಷ. ಡಿಗ್ಗಿನ ಉತ್ತರದ ಕೊನೆಯಲ್ಲಿ 'ಸರ್ವರ್' ಎಂಬ ಸಾಲಿನಲ್ಲಿ ಉತ್ತರಿಸಿದವರ ವಿಳಾಸವಿರುತ್ತದೆ. ಆ ಸಾಲನ್ನು ಓದದೆ ಬಿಡಬಾರದು.

5. ಇಲ್ಲವೆಂಬ ಉತ್ತರ, ಉತ್ತರವೇ ಇಲ್ಲದಿರುವುದು

ದೋಷಶೋಧನೆಯಲ್ಲಿ ಬಹುಜನರು ಎಡವುವುದು ಇಲ್ಲಿ. ದೀಪವಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸ್ಥಿತಿಯಲ್ಲಿ ಕಾಣದಿರುವುದು ಮಾತ್ರ ಅಭಾವಕ್ಕೆ ಪ್ರಮಾಣ. ಇದನ್ನೇ ಶಾಸ್ತ್ರಕಾರರು ಯೋಗ್ಯಾನುಪಲಬ್ಧಿ ಎಂದರು. ಹೆಸರು ಸಿಕ್ಕಲಿಲ್ಲ ಎಂಬ ಒಂದೇ ಅನುಭವದ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿಗಳಿರಬಹುದು. ಡಿಗ್ ಅವುಗಳಲ್ಲಿ ಮೊದಲ ಮೂರನ್ನು 'ಸ್ಟೇಟಸ್' ಎಂಬ ಪದದ ಮುಂದೆ ಸ್ಪಷ್ಟವಾಗಿ ಹೇಳುತ್ತದೆ.

'ಎನ್‌ಎಕ್ಸ್‌ಡೊಮೈನ್' ಎಂದರೆ ಅಂಥ ಹೆಸರೇ ಇಲ್ಲವೆಂಬ ಉತ್ತರ. ಇದು ದೀಪವಿರುವ ಕೋಣೆ. ಇಲ್ಲಿ ಮೊದಲು ಅಕ್ಷರಸ್ಖಾಲಿತ್ಯವನ್ನು ನೋಡಬೇಕು; ಬರೆದ ಹೆಸರೇ ತಪ್ಪಿರುವುದು ಸಾಮಾನ್ಯ.

'ಸರ್ವ್‌ಫೇಲ್' ಎಂದರೆ ಹುಡುಕಲು ಹೋಗಿ ಸೋತೆನೆಂಬ ಉತ್ತರ. ಹೆಸರು ಇದ್ದರೂ ಇರಬಹುದು. ಆ ಹೆಸರಿನ ಅಧಿಕಾರಿಯು ಸಿಕ್ಕಿರಲಿಕ್ಕಿಲ್ಲ, ಅಥವಾ ಉತ್ತರಕ್ಕಿದ್ದ ಸಹಿಯು ಪರೀಕ್ಷೆಯಲ್ಲಿ ನಿಂತಿರಲಿಕ್ಕಿಲ್ಲ.

'ರಿಫ್ಯೂಸ್ಡ್' ಎಂದರೆ ನಿನಗೆ ಹೇಳುವುದಿಲ್ಲವೆಂಬ ಉತ್ತರ. ಒಂದು ಸಂಸ್ಥೆಯ ಸರ್ವರು ತನ್ನ ಗ್ರಾಹಕರಲ್ಲದವರಿಗೆ ಹೀಗೆನ್ನುವುದುಂಟು.

ನಾಲ್ಕನೆಯದು ಮೌನ. ಕಾದು ಕಾದು, ಯಾವ ಸರ್ವರೂ ಎಟುಕಲಿಲ್ಲವೆಂದು ಡಿಗ್ ಕೈಚೆಲ್ಲುತ್ತದೆ. ಇದು ಕತ್ತಲೆಯ ಕೋಣೆ. ಇಲ್ಲಿ ಹೆಸರಿನ ವಿಷಯವಾಗಿ ಏನನ್ನೂ ನಿರ್ಣಯಿಸುವಂತಿಲ್ಲ. ಕೇಳಿಸಿಕೊಳ್ಳಬೇಕಾದವನು ಎಲ್ಲಿದ್ದಾನೆಂಬುದನ್ನು ಹುಡುಕಬೇಕು.

ಪಿಂಗ್ ಮೊದಲಾದ ಸಾಮಾನ್ಯ ಆಜ್ಞೆಗಳೂ ಈ ಭೇದವನ್ನು ತಕ್ಕಮಟ್ಟಿಗೆ ಸೂಚಿಸುತ್ತವೆ. 'ನೇಮ್ ಆರ್ ಸರ್ವಿಸ್ ನಾಟ್ ನೋನ್' ಎಂದರೆ ಇಲ್ಲವೆಂಬ ಉತ್ತರ ಬಂದಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. 'ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್' ಎಂದರೆ ನಿರ್ಣಯಿಸಬಲ್ಲ ಉತ್ತರ ಬಂದಿಲ್ಲವೆಂದು ತಿಳಿಯಬೇಕು. ಇಲ್ಲಿ 'ಟೆಂಪರರಿ' ಎಂಬ ಮಾತನ್ನು ನಂಬಿ ಸುಮ್ಮನೆ ಕುಳಿತರೆ ಆ ತಾತ್ಕಾಲಿಕವು ತಿಂಗಳುಗಟ್ಟಲೆ ಇರಬಹುದು.

ಇವಲ್ಲದೆ ನಿಧಾನವೆಂಬ ಮತ್ತೊಂದು ಲಕ್ಷಣವುಂಟು. ತಾಣವು ತೆರೆಯುತ್ತದೆ, ಆದರೆ ಪ್ರತಿ ಸಲವೂ ಐದಾರು ಸೆಕೆಂಡು ತಡೆದು ತೆರೆಯುತ್ತದೆ. 'ರಿಸಾಲ್ವ್.ಕಾನ್ಫ್' ಕಡತದಲ್ಲಿ ಮೂರು ಸರ್ವರುಗಳವರೆಗೆ ಬರೆಯಬಹುದು. ಮೊದಲನೆಯದು ಉತ್ತರಿಸದಿದ್ದರೆ ಲಿನಕ್ಸಿನ ಗ್ರಂಥಭಂಡಾರವು ಬೇರೆ ಆದೇಶವಿಲ್ಲದಿರುವಾಗ 5 ಸೆಕೆಂಡು ಕಾದು ಎರಡನೆಯದನ್ನು ಕೇಳುತ್ತದೆ. ಮೊದಲನೆಯದು ಸತ್ತು ಎರಡನೆಯದು ಬದುಕಿದ್ದರೆ ಆಗುವ ಫಲವಿದು. ಯಂತ್ರ ಮುದಿಯಾಯಿತೆಂದು ಅದನ್ನು ಗುಜರಿಗೆ ಹಾಕುವ ಮುನ್ನ ಈ ಸಾಲನ್ನು ನೋಡತಕ್ಕದ್ದು.

6. ಮನೆಗಳಲ್ಲಿ ಕಾಣುವ ದೋಷಗಳು

ಹಿಂದೆಂದೋ ಒಂದು ಅಗತ್ಯಕ್ಕಾಗಿ 'ಹೋಸ್ಟ್ಸ್' ಕಡತದಲ್ಲಿ ಸೇರಿಸಿದ ಸಾಲು ಮರೆತುಹೋಗಿ, ಆ ತಾಣವು ತನ್ನ ಅಂಕವಿಳಾಸವನ್ನು ಬದಲಾಯಿಸಿದ ಮೇಲೆ ಬಾಧಕವಾಗುವುದು ಒಂದು ಬಗೆ. ಒಂದೇ ತಾಣ ತೆರೆಯದೆ ಉಳಿದೆಲ್ಲವೂ ತೆರೆದರೆ ಇದನ್ನು ಶಂಕಿಸಬೇಕು. ಯಂತ್ರದ ಸ್ವಂತ ಹೆಸರನ್ನು ಬದಲಾಯಿಸಿ, ಹೋಸ್ಟ್ಸ್ ಕಡತದಲ್ಲಿ ಬದಲಾಯಿಸದೆ ಬಿಡುವುದು ಇನ್ನೊಂದು. ಆಗ 'ಸೂಡೂ' ಎಂಬ ಆಜ್ಞೆ ಕೊಟ್ಟಾಗಲೆಲ್ಲ ಯಂತ್ರವು ತನ್ನ ಹೆಸರನ್ನು ತಾನೇ ಗುರುತಿಸಲಾರೆನೆಂದು ದೂರುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ 127.0.1.1 ಎಂಬ ಸಾಲಿನಲ್ಲಿ ಹೊಸ ಹೆಸರನ್ನು ಬರೆದರೆ ಸರಿಹೋಗುತ್ತದೆ.

ಮನೆಯ ಯಂತ್ರಗಳಿಗೆ '.ಲೋಕಲ್' ಎಂದು ಮುಗಿಯುವ ಹೆಸರಿಟ್ಟು ಅದನ್ನು ರೌಟರಿನ ಪಟ್ಟಿಯಲ್ಲಿ ಬರೆಯುವವರುಂಟು. 2013ರಲ್ಲಿ ಪ್ರಕಟವಾದ ನಿಯಮದಂತೆ ಆ ಅಂತ್ಯವು, ಯಂತ್ರಗಳು ತಮ್ಮತಮ್ಮಲ್ಲಿಯೇ ಕೂಗಿ ಕೇಳಿಕೊಳ್ಳುವ ಬಹುಮುಖ ಡಿ.ಎನ್.ಎಸ್. ಎಂಬ ಪದ್ಧತಿಗೆ ಮೀಸಲು. ಅನೇಕ ಲಿನಕ್ಸ್ ಪ್ರಭೇದಗಳ 'ಎನ್‌ಎಸ್‌ಸ್ವಿಚ್' ಕಡತದಲ್ಲಿ, ಇಂಥ ಹೆಸರು ಕೂಗಿಗೆ ಸಿಕ್ಕದಿದ್ದರೆ ಅಲ್ಲಿಂದಲೇ ಹಿಂದಿರುಗತಕ್ಕದ್ದೆಂಬ ವಿಧಿಯಿರುತ್ತದೆ. ಆದಕಾರಣ ಡಿಗ್ಗಿಗೆ ಸಿಕ್ಕುವ ಹೆಸರು ಉಳಿದ ತಂತ್ರಾಂಶಗಳಿಗೆ ಸಿಕ್ಕುವುದಿಲ್ಲ. ಹೆಸರಿನ ಅಂತ್ಯವನ್ನು ಬದಲಾಯಿಸುವುದೇ ಪರಿಹಾರ.

ಕೆಲವು ಬ್ರೌಸರುಗಳು ಯಂತ್ರದ ವ್ಯವಸ್ಥೆಯನ್ನು ಕೇಳದೆ ತಾವೇ ಗುಪ್ತವಾದ ಹಾದಿಯಿಂದ ನಾಮನಿರ್ಣಯ ಮಾಡಿಕೊಳ್ಳಬಲ್ಲವು. ಫೈರ್‌ಫಾಕ್ಸಿನಲ್ಲಿ ಈ ಸೌಕರ್ಯವಿದೆ. ಬ್ರೌಸರಿನಲ್ಲಿ ತಾಣ ತೆರೆದು, ಯಂತ್ರದ ತಂತ್ರಾಂಶಗಳ ನವೀಕರಣ ಮಾತ್ರ ನಡೆಯದಿದ್ದರೆ ಇದನ್ನು ನೆನೆಯಬೇಕು. ತಾಣವೊಂದು ಹೊಸ ವಿಳಾಸಕ್ಕೆ ಹೋದ ಮೇಲೂ ಯಂತ್ರವು ಹಳೆಯದನ್ನೇ ನೆನೆಯುತ್ತಿದ್ದರೆ, ಸಿಸ್ಟಮ್‌ಡಿ ಇರುವಲ್ಲಿ 'ರಿಸಾಲ್ವ್‌ಸಿಟಿಎಲ್ ಫ್ಲಷ್-ಕ್ಯಾಷಸ್' ಎಂಬ ಆಜ್ಞೆಯಿಂದ ಆ ನೆನಪನ್ನು ಅಳಿಸಬಹುದು.

ಹಳೆಯ ಯಂತ್ರಗಳಲ್ಲಿ ಕಾಣುವ ಒಂದು ವಿಚಿತ್ರ ದೋಷವನ್ನು ಬೇರೆಯಾಗಿ ಹೇಳಬೇಕು. ಡಿ.ಎನ್.ಎಸ್. ಉತ್ತರಗಳಿಗೆ ಸಹಿ ಮಾಡುವ ಪದ್ಧತಿಯು ಮೂಲಸರ್ವರುಗಳ ಮಟ್ಟದಲ್ಲಿ 2010ರಲ್ಲಿ ಜಾರಿಗೆ ಬಂದಿತು. ಪ್ರತಿಯೊಂದು ಸಹಿಗೂ ಆರಂಭದ ದಿನಾಂಕವೂ ಮುಗಿಯುವ ದಿನಾಂಕವೂ ಇರುತ್ತವೆ. ಯಂತ್ರದೊಳಗಿನ ಸಣ್ಣ ಬ್ಯಾಟರಿ ಸತ್ತು ಗಡಿಯಾರವು ಹಲವು ವರ್ಷ ಹಿಂದಕ್ಕೆ ಹೋದರೆ, ಸಹಿಯನ್ನು ಯಂತ್ರದೊಳಗೇ ಪರೀಕ್ಷಿಸುವ ಏರ್ಪಾಡಿದ್ದಲ್ಲಿ ಎಲ್ಲ ಸಹಿಗಳೂ ಅಸಿಂಧುವಾಗಿ ಕಾಣುತ್ತವೆ. ಸರ್ವ್‌ಫೇಲ್ ಎಂಬ ಉತ್ತರ ಬರುತ್ತದೆ. ಗಡಿಯಾರವನ್ನು ಸರಿಪಡಿಸಿಕೊಳ್ಳಲು ಯಂತ್ರವು ಕಾಲಸರ್ವರನ್ನು ಕೇಳಬೇಕು. ಕಾಲಸರ್ವರನ್ನು ಹುಡುಕಲು ಅದರ ಹೆಸರಿನ ನಿರ್ಣಯವಾಗಬೇಕು. ಹೆಸರಿನ ನಿರ್ಣಯವಾಗಲು ಗಡಿಯಾರ ಸರಿಯಿರಬೇಕು. ತರ್ಕಶಾಸ್ತ್ರದ ಅನ್ಯೋನ್ಯಾಶ್ರಯ ದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಕೈಯಿಂದ ದಿನಾಂಕವನ್ನು ತಿದ್ದಿ, ಹೊಸ ಬ್ಯಾಟರಿಯನ್ನು ಹಾಕಿದರೆ ಈ ಚಕ್ರ ಮುರಿಯುತ್ತದೆ.

7. ಕನ್ನಡದ ಹೆಸರುಗಳು

ಇಂದು ಕನ್ನಡ ಲಿಪಿಯಲ್ಲಿಯೂ ತಾಣಗಳಿಗೆ ಹೆಸರಿಡಬಹುದು. '.ಭಾರತ' ಎಂಬ ಕನ್ನಡದ ಅಂತ್ಯವು ಮೂಲಸರ್ವರುಗಳಲ್ಲಿ ದಾಖಲಾಗಿದೆ. ಅದರ ನಿರ್ವಹಣೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯ ಎಂಬ ಸಂಸ್ಥೆಯದು. ಇಂಥ ಹೆಸರು ಸರ್ವರಿಗೆ ಹೋಗುವ ಮೊದಲು, 2003ರಲ್ಲಿ ಪ್ರಕಟವಾದ ಪ್ಯೂನಿಕೋಡ್ ಎಂಬ ವಿಧಾನದಂತೆ, ಆಂಗ್ಲದ 'ಎಕ್ಸ್‌ಎನ್' ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ಅಕ್ಷರಮಾಲೆಯಾಗಿ ಪರಿವರ್ತಿತವಾಗುತ್ತದೆ. ಬ್ರೌಸರು ಈ ಪರಿವರ್ತನೆಯನ್ನು ತಾನೇ ಮಾಡುತ್ತದೆ; ಕೆಲವು ಹಳೆಯ ಆಜ್ಞೆಗಳು ಮಾಡುವುದಿಲ್ಲ. ಬ್ರೌಸರಿನಲ್ಲಿ ತೆರೆದ ಕನ್ನಡ ಹೆಸರು ಆಜ್ಞೆಯಲ್ಲಿ ಸೋತರೆ ಆಶ್ಚರ್ಯಪಡಬೇಕಾಗಿಲ್ಲ.

ಕನ್ನಡಿಗರಿಗೆ ವಿಶಿಷ್ಟವಾದ ಒಂದು ತೊಡಕೂ ಇದೆ. ಅನುಸ್ವಾರದ ಬಿಂದುವೂ ಕನ್ನಡ ಅಂಕಿಯ ಸೊನ್ನೆಯೂ ಕಣ್ಣಿಗೆ ಒಂದೇ. ಬೆರಳಚ್ಚಿನಲ್ಲಿ ಒಂದರ ಬದಲು ಇನ್ನೊಂದು ಬಿದ್ದರೆ ಓದುವವರಿಗೆ ತಿಳಿಯದು. ಯಂತ್ರಕ್ಕಾದರೋ ಅವು ಎರಡು ಬೇರೆ ಬೇರೆ ಅಕ್ಷರಗಳು. ಸೊನ್ನೆಯಿಂದ ಬರೆದ ಕಂಬವು ಯಂತ್ರದ ದೃಷ್ಟಿಯಲ್ಲಿ ಕಂಬವಲ್ಲ. ವರ್ಣಗಳ ವಿಷಯದಲ್ಲಿ ಎಚ್ಚರವಿರಬೇಕೆಂಬ ವ್ಯಾಕರಣಪಾಠವು ಇಲ್ಲಿ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬರುತ್ತದೆ.

8. ನಿದರ್ಶನದ ಪರಿಹಾರ

ಇನ್ನು ಮೊದಲು ಊಹಿಸಿದ ಮನೆಗೆ ಹಿಂದಿರುಗಬಹುದು. ಮೊಮ್ಮಗನು ಅಳಿಸುವ ಆಲೋಚನೆಯನ್ನು ತಡೆದು ಮೊದಲು ಅಜ್ಜನ ಬರಹಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡನೆನ್ನೋಣ. ಡೇಟಾ ಆರಿಸಿದ ಮೊಬೈಲಿನಲ್ಲಿ ತಾಣಗಳು ತೆರೆಯುತ್ತವೆ, ರೌಟರು ನಿರ್ದೋಷ. ಯಂತ್ರದಿಂದ 192.168.1.1 ಓಗೊಡುತ್ತದೆ, 8.8.8.8 ಕೂಡ ಓಗೊಡುತ್ತದೆ, ದಾರಿ ನಿರ್ದೋಷ. ಹೆಸರಿನಿಂದ ಕೂಗಿದರೆ 'ಟೆಂಪರರಿ ಫೇಲ್ಯೂರ್'. ಡಿಗ್ ಕೇಳಿದರೆ ಮೌನವಿಲ್ಲ. 'ರಿಫ್ಯೂಸ್ಡ್' ಎಂಬ ಉತ್ತರ ಕೂಡಲೇ ಬರುತ್ತದೆ. ಎಂದಮೇಲೆ ಆಚೆ ಯಾರೋ ಬದುಕಿದ್ದಾರೆ, ಹೇಳಲು ಒಪ್ಪುತ್ತಿಲ್ಲ. ಅವರು ಯಾರು? ಉತ್ತರದ ಕೊನೆಯ 'ಸರ್ವರ್' ಸಾಲಿನಲ್ಲಿರುವುದು ರೌಟರಿನ ವಿಳಾಸವಲ್ಲ. ಮನೆಯವರು ಈಗ ಬಿಟ್ಟಿರುವ ಹಳೆಯ ಸಂಸ್ಥೆಯ ಸರ್ವರಿನ ವಿಳಾಸ. '@192.168.1.1' ಎಂದು ರೌಟರನ್ನು ಕೇಳಿದರೆ ಉತ್ತರ ಸರಿಯಾಗಿ ಬರುತ್ತದೆ.

'ರಿಸಾಲ್ವ್.ಕಾನ್ಫ್' ಕಡತವನ್ನು ತೆರೆದರೆ ಅದೇ ಹಳೆಯ ವಿಳಾಸದ ಒಂದೇ ಸಾಲು. ಅದನ್ನು ತಿದ್ದಹೋದರೆ ಯಂತ್ರ ಒಪ್ಪುವುದಿಲ್ಲ. 'ಎಲ್‌ಎಸ್‌ಎಟಿಟಿಆರ್' ಎಂಬ ಆಜ್ಞೆಯು ಕಡತದ ಮೇಲೆ 'ಐ' ಎಂಬ ಮುದ್ರೆಯನ್ನು ತೋರಿಸುತ್ತದೆ. ಈ ಕಡತವನ್ನು ಜಾಲದ ತಂತ್ರಾಂಶವು ಆಗಾಗ ತಾನೇ ಬರೆಯುವುದರಿಂದ, ತಾವು ಬರೆದ ಸಾಲು ಅಳಿಯದಿರಲೆಂದು ಹೀಗೆ ಬೀಗ ಹಾಕುವ ವಾಡಿಕೆಯಿದೆ. ಎಂದೋ ಒಂದು ದಿನ ಯಾರೋ ಒಳ್ಳೆಯ ಉದ್ದೇಶದಿಂದಲೇ ಹಾಕಿದ ಬೀಗವಿದು. ಮೊಬೈಲುಗಳು ಹೊಸ ರೌಟರಿನಿಂದ ಹೊಸ ವಿಳಾಸವನ್ನು ಪಡೆದುಕೊಂಡವು. ಈ ಯಂತ್ರ ಮಾತ್ರ ಬೀಗದೊಳಗಿನ ಹಳೆಯ ಮಾತಿಗೆ ನಿಷ್ಠವಾಗಿ ಉಳಿಯಿತು. 'ಸಿಎಚ್‌ಎಟಿಟಿಆರ್ -ಐ' ಎಂಬ ಆಜ್ಞೆಯಿಂದ ಬೀಗವನ್ನು ತೆಗೆದು, ಆ ಸಾಲನ್ನು ಅಳಿಸಿ, ಜಾಲಕ್ಕೆ ಮತ್ತೊಮ್ಮೆ ಸೇರಿಸಿದರೆ ಯಂತ್ರವು ರೌಟರಿನ ವಿಳಾಸವನ್ನು ತಾನೇ ಬರೆದುಕೊಳ್ಳುತ್ತದೆ. ಹಿಡಿದ ಹೊತ್ತು ಅರ್ಧ ತಾಸು. ಒಕ್ಕಲುತನದ ಮಾತುಗಳು ಇದ್ದಲ್ಲಿಯೇ ಇವೆ. ಈಗ ಅವುಗಳಿಗೆ ಇನ್ನೊಂದು ಪ್ರತಿಯೂ ಇದೆ.

9. ಉಪಸಂಹಾರ

ಮೇಲಿನ ನಿದರ್ಶನದಲ್ಲಿ ಯಂತ್ರವು ಒಂದು ಕ್ಷಣವೂ ಕೆಟ್ಟಿರಲಿಲ್ಲ. ಅದು ತಪ್ಪಾದವರನ್ನು ಕೇಳುತ್ತಿತ್ತು, ಅಷ್ಟೆ. ಅಳಿಸಿ ಮತ್ತೆ ಹಾಕಿದ್ದರೂ ತಾಣಗಳು ತೆರೆಯುತ್ತಿದ್ದುವು. ಆದರೆ ಕಾರಣ ತಿಳಿಯುತ್ತಿರಲಿಲ್ಲ, ತೆತ್ತ ಬೆಲೆಯೂ ಬಹುಕಾಲ ತಿಳಿಯುತ್ತಿರಲಿಲ್ಲ. ದಾನಿಗಳು ಶಾಲೆಗಳಿಗೆ ಕೊಟ್ಟ ಹಳೆಯ ಯಂತ್ರಗಳಲ್ಲಿಯೂ, ಹಿರಿಯ ವಿದ್ಯಾರ್ಥಿಗಳ ಮನೆಯ ಯಂತ್ರಗಳಲ್ಲಿಯೂ ಇಂಥ ದೋಷ ತಲೆದೋರಬಹುದು. ಅದನ್ನು ತಿದ್ದಲು ದೊಡ್ಡ ವಿದ್ಯೆ ಬೇಡ. ಆಜ್ಞೆಗಳು ಹತ್ತನ್ನು ಮೀರವು, ನೋಡಬೇಕಾದ ಕಡತಗಳು ಮೂರು. ಬೇಕಾದುದು ಕ್ರಮ.

ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಆಜ್ಞೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಯಂತ್ರವು ಹೆಸರು ಸಿಕ್ಕಲಿಲ್ಲವೆಂದಾಗ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಬೆಳೆಸುವುದು ಲೇಸು: ಯಾರನ್ನು ಕೇಳಿತು? ಅವರು ಏನೆಂದರು? ಏನೂ ಎನ್ನದಿದ್ದರೆ ಅವರವರೆಗೆ ದಾರಿಯಿದೆಯೇ? ಈ ಮೂರಕ್ಕೂ ಉತ್ತರ ದೊರೆಯುವವರೆಗೆ ಯಾವುದನ್ನೂ ಅಳಿಸತಕ್ಕದ್ದಲ್ಲ.